ಕಳ್ಳಂಗೆ ಬೇಕಿರೋದು ಮಳೆ ಲೆಕ್ಕ ಅಲ್ಲ

ಕೊಡಗಲ್ಲಿ ಕಾಡು, ಕಾಫಿ, ಮಳೆ ಬಗ್ಗೆ ರಿಸರ್ಚ್ ಮಾಡೋ ಹುಡುಗ್ರ ಹತ್ರ ಸೆಕ್ಯುರಿಟಿ ಮಾತೆತ್ತಿದ್ರೆ ಮೊದಲು ಕೇಳೋದೇ ಇದು, "ಸರ್, ನಮ್ಮ ಮಳೆ ಲೆಕ್ಕ ಕದ್ದು ಯಾರಿಗೇನಾಗ್ಬೇಕು?" ಲೆಕ್ಕ ಬೇಡ, ನಿಜ. ಬೇಕಿರೋದು ನಿಮ್ಮ ಲಾಗಿನ್ನು, ಅದರ ಹಿಂದಿರೋ ಕ್ಲಸ್ಟರು, ಅಂದ್ರೆ ಹಲವು ಕಂಪ್ಯೂಟರ್ ಒಟ್ಟಿಗೆ ಜೋಡಿಸಿ ದೊಡ್ಡ ಲೆಕ್ಕ ಮಾಡೋ ವ್ಯವಸ್ಥೆ.

2020ರ ಮೇ ತಿಂಗಳಲ್ಲಿ ಎಡಿನ್‌ಬರೋದ ಆರ್ಚರ್ ಸೂಪರ್‌ಕಂಪ್ಯೂಟರ್‌ಗೆ ಯಾರೂ ಲಾಗಿನ್ ಆಗದ ಹಾಗೆ ಬಂದ್ ಮಾಡ್ಬೇಕಾಯ್ತು, ಅದೇ ವಾರ ಜರ್ಮನಿ, ಸ್ವಿಟ್ಜರ್ಲೆಂಡಲ್ಲೂ ಹೀಗೇ ಆಯ್ತು, ಅಲ್ಲಿ ಯಾರೂ ಬಾಗಿಲು ಮುರಿದಿರಲಿಲ್ಲ, ಸಂಶೋಧಕರ ಕದ್ದ ಲಾಗಿನ್ ಹಿಡ್ಕೊಂಡೇ ಒಳಗೆ ಬಂದಿದ್ರು. ಒಬ್ಬರಿಗೇ ನಾಲ್ಕು ಕಡೆ ಅಕೌಂಟ್ ಇರುತ್ತಲ್ಲ, ಒಂದು ಸಿಕ್ಕಿದ್ರೆ ಮುಂದಿನದಕ್ಕೆ ದಾರಿ.

ಕಳೆದ ಮಳೆಗಾಲ ಇಲ್ಲೇ ಒಂದು ಲ್ಯಾಬಲ್ಲಿ ಕೂತು ನೋಡ್ದೆ. ಪೆನ್‌ಡ್ರೈವಲ್ಲಿ "ಲ್ಯಾಬ್ ಕೀ" ಅಂತ ಒಂದು ಎಸ್‌ಎಸ್‌ಎಚ್ ಪ್ರೈವೇಟ್ ಕೀ, ಅಂದ್ರೆ ದೂರದ ಸರ್ವರಿಗೆ ಲಾಗಿನ್ ಆಗೋಕೆ ಬೀಗದಕೈ ಥರ ಬಳಸೋ ಗುಟ್ಟಿನ ಫೈಲು, ನಾಲ್ಕು ಜನ ಅದನ್ನೇ ಬಳಸ್ತಿದ್ರು, ಅದರಲ್ಲೊಬ್ಬ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋಗಿ ಆಗಲೇ ವರ್ಷ ಆಗಿತ್ತು. ಕೀ ಮಾಡುವಾಗ ಪಾಸ್‌ಫ್ರೇಸ್, ಅಂದ್ರೆ ಆ ಫೈಲಿಗೇ ಹಾಕೋ ಪಾಸ್‌ವರ್ಡ್ ಕೇಳುತ್ತೆ, ಇವ್ರು ಎರಡು ಸಲ ಎಂಟರ್ ಒತ್ತಿ ಮುಂದೆ ಹೋಗಿದ್ರು. ಅಂದ್ರೆ ಆ ಫೈಲ್ ಯಾರ ಕೈಗೆ ಸಿಕ್ರೂ ಅವರೇ ಯಜಮಾನ್ರು. "ಈಗ ಪಾಸ್‌ಫ್ರೇಸ್ ಹಾಕಿಬಿಡೋಣ ಸರ್" ಅಂದ ಒಬ್ಬ. ಪ್ರಯೋಜನ ಇಲ್ಲಪ್ಪ, ಹಳೇ ಕಾಪಿಗಳು ಎಲ್ಲೆಲ್ಲಿವೆಯೋ, ಅವಕ್ಕೆ ಬೀಗ ಬೀಳಲ್ಲ. ಯಾವ ಕೀಗಳನ್ನ ಒಳಗೆ ಬಿಡಬೇಕು ಅಂತ ಪಟ್ಟಿ ಇರೋ ಸರ್ವರಿನ ಆಥರೈಸ್ಡ್ ಕೀಸ್ ಫೈಲಿಂದ ಈ ಕೀಯ ಸಾಲನ್ನೇ ಅಳಿಸ್ಬೇಕು, ಒಬ್ಬೊಬ್ಬರೂ ತಮ್ಮದೇ ಹೊಸ ಕೀ ಮಾಡ್ಕೋಬೇಕು, ಎರಡನೇ ಹಂತದ ಓಟಿಪಿ ಇದ್ರೆ ಅದನ್ನೂ ಆನ್ ಮಾಡ್ಬೇಕು.

ಇನ್ನು ಆ ಮಳೆ ಲೆಕ್ಕ. ತೋಟದವರು ದಿನಾ ಬೆಳಗ್ಗೆ ಇಂಚು, ಸೆಂಟು ಅಂತ ಪುಸ್ತಕದಲ್ಲಿ ಬರೆದಿಟ್ಟಿದ್ದನ್ನ ಕೂತು ಟೈಪ್ ಮಾಡಿದ ಡೇಟಾ ಅದು, 2018ರ ಆಗಸ್ಟ್ ಮಳೆನ ಮತ್ತೆ ಅಳೆಯೋಕಾಗುತ್ತಾ? ನಿಮ್ಮ ಲಾಗಿನ್ ಹಿಡ್ಕೊಂಡು ಬಂದವನು ಕದಿಯೋದೇ ಬೇಡ, ಅಳಿಸಿದ್ರೆ ಮುಗೀತು. ಕಳ್ಳನೂ ಬೇಕಿಲ್ಲ, 2021ರ ಡಿಸೆಂಬರಲ್ಲಿ ಕ್ಯೋಟೋ ಯೂನಿವರ್ಸಿಟಿಯ ಸೂಪರ್‌ಕಂಪ್ಯೂಟರಲ್ಲಿ ಬ್ಯಾಕಪ್ ಪ್ರೋಗ್ರಾಮಿನ ತಪ್ಪಿಗೇ 77 ಟೆರಾಬೈಟ್ ಹೋಯ್ತು. ಅದಕ್ಕೇ ಒಂದು ಕಾಪಿ ಕೇಬಲ್ ಕಿತ್ತು ಬೀರುವಲ್ಲಿಡಿ ಅಂತ ಎಲ್ಲರಿಗೂ ಬೇಡ್ಕೋತೀನಿ.

ಅವತ್ತು ಆ ಸಾಲು ಅಳಿಸಿ, ಉಳಿದ ಮೂರು ಜನರಿಗೂ ಬೇರೆ ಬೇರೆ ಕೀ ಮಾಡಿಸೋ ಹೊತ್ತಿಗೆ ಕರೆಂಟ್ ಹೋಯ್ತು, ಕೊನೆಯವಳು ತನ್ನ ಪಾಸ್‌ಫ್ರೇಸ್ ಟೈಪ್ ಮಾಡಿದ್ದು ಲ್ಯಾಪ್‌ಟಾಪ್ ಬೆಳಕಲ್ಲೇ.