‘ಮಾನೊ’ ಅಂದರೆ ಬರೀ ಕೈಯಲ್ಲ

ಸ್ಪ್ಯಾನಿಷ್ ಅನುವಾದಕ್ಕೆ ಕೈಹಾಕಿದ ಹೊಸತರಲ್ಲಿ ಮನೆ ರಿಪೇರಿಯ ಒಂದು ಎಸ್ಟಿಮೇಟ್ ನನ್ನ ಪಾಲಿಗೆ ಬಂತು. ಒಂದು ಸಾಲಿನಲ್ಲಿ ‘ಮಾನೊ ದೆ ಓಬ್ರಾ’ ಅಂತಿತ್ತು. ಕೂಲಿ ಅಂತ ಗೊತ್ತಿತ್ತು, ಬರೆದೆ. ಅದರ ಕೆಳಗೆ ‘ದೋಸ್ ಮಾನೋಸ್ ದೆ ಪಿಂತೂರಾ’. ಮೇಲಿನ ಸಾಲಿನ ಗುಂಗಿನಲ್ಲೇ ‘ಪೇಂಟಿಂಗಿಗೆ ಇಬ್ಬರು ಆಳು’ ಅಂತ ಬರೆದುಬಿಟ್ಟೆ. ಅದರ ಅರ್ಥ ಎರಡು ಕೋಟ್ ಬಣ್ಣ. ತಿದ್ದಿದ ಹಿರಿಯರು, “ಈ ಪದವನ್ನ ಒಂಟಿಯಾಗಿ ಓದಬೇಡಮ್ಮ, ಪಕ್ಕದಲ್ಲಿ ಯಾರು ಕೂತಿದ್ದಾರೆ ನೋಡು” ಅಂದರು. ಈಗ ನನ್ನ ವಿದ್ಯಾರ್ಥಿಗಳಿಗೆ ನಾನೂ ಅದನ್ನೇ ಹೇಳುತ್ತೇನೆ.

ಮಾನೊ ಅಂದರೆ ಕೈ. ಮೊದಲ ವಾರದಲ್ಲೇ ಕಲಿಯುವ ಪದ. ‘ಒ’ದಲ್ಲಿ ಮುಗಿಯುವ ನಾಮಪದಗಳು ಸಾಮಾನ್ಯವಾಗಿ ಪುಲ್ಲಿಂಗ, ಆದರೆ ಇದು ಸ್ತ್ರೀಲಿಂಗ: ‘ಲಾ ಮಾನೊ’. ಲ್ಯಾಟಿನ್ನಿನ ‘ಮಾನುಸ್’ ಕೂಡ ಸ್ತ್ರೀಲಿಂಗವೇ, ಅದು ಹಾಗೇ ಉಳಿದುಕೊಂಡಿದೆ. ಪುಟ್ಟ ಕೈಗೆ ಸ್ಪೇನಿನಲ್ಲಿ ‘ಮಾನೀತಾ’, ದಕ್ಷಿಣ ಅಮೆರಿಕದ ಬಹಳ ಕಡೆ ‘ಮಾನೀತೊ’. ಎರಡೂ ಸರಿ.

ನಮ್ಮವರು ಸ್ಪ್ಯಾನಿಷ್ ಕಲಿಯುವಾಗ ಪ್ರತಿ ಪದಕ್ಕೂ ಮೊದಲು ಇಂಗ್ಲಿಷ್ ಅರ್ಥ ಹುಡುಕುತ್ತಾರೆ. ಈ ಪದದ ಮಟ್ಟಿಗಂತೂ ಅದು ಸುತ್ತುದಾರಿ. ಅಡುಗೆಯಲ್ಲಿ ‘ಬುಯೆನಾ ಮಾನೊ’ ಇದೆ ಅಂದರೆ ನಮ್ಮ ಕೈರುಚಿ. ಗಿಡಗಳ ವಿಷಯದಲ್ಲಿ ಅದೇ ಮಾತು ಬಂದರೆ ಕೈಗುಣ. ‘ಯೆಗಾರ್ ಆ ಲಾಸ್ ಮಾನೋಸ್’, ಪದಶಃ ‘ಕೈಗಳವರೆಗೆ ತಲುಪುವುದು’. ಜಗಳ ಜೋರಾಗಿ ಕೈ ಕೈ ಮಿಲಾಯಿಸಿದರು ಅಂತೀವಲ್ಲ, ಅದೇ. ಕನ್ನಡ ಬಲ್ಲವರಿಗೆ ಇದನ್ನೆಲ್ಲ ಬಾಯಿಪಾಠ ಮಾಡುವ ಕಷ್ಟವೇ ಇಲ್ಲ.

ಎಡಗೈ ವಿಷಯದಲ್ಲಿ ಮಾತ್ರ ಜಾಸ್ತಿ ಎಚ್ಚರ ಬೇಕು. ನಮ್ಮಲ್ಲಿ ಎಡಗೈಯಲ್ಲಿ ಕೊಟ್ಟರೆ ಅಮರ್ಯಾದೆ. ಸ್ಪ್ಯಾನಿಷ್‌ನಲ್ಲಿ ಒಬ್ಬರಿಗೆ ‘ಮಾನೊ ಇಸ್ಕಿಯೆರ್ದಾ’, ಅಂದರೆ ಎಡಗೈ, ಇದೆ ಅಂದರೆ ಹೊಗಳಿಕೆ. ಕಷ್ಟದ ಸನ್ನಿವೇಶವನ್ನು ಯಾರನ್ನೂ ನೋಯಿಸದೆ ನಾಜೂಕಾಗಿ ನಿಭಾಯಿಸುತ್ತಾರೆ ಅಂತ. ಕೆಲಸಕ್ಕೆ ಶಿಫಾರಸು ಮಾಡುವ ಪತ್ರದಲ್ಲಿ ಇದನ್ನು ಬೈಗುಳ ಅಂದುಕೊಂಡರೆ ಏನಾಗಬಹುದು ಯೋಚಿಸಿ.

ಸಂತೆಯಲ್ಲೂ ಈ ಪದ ಸಿಗುತ್ತದೆ. ನಾವು ಬಾಳೆಗೊನೆಯಿಂದ ಚಿಪ್ಪು ಬಿಡಿಸುತ್ತೇವೆ, ಅಲ್ವಾ? ಆ ಚಿಪ್ಪಿಗೆ ಅವರು ‘ಮಾನೊ’ ಅನ್ನುತ್ತಾರೆ. ಚಿಪ್ಪಿನ ಒಂದೊಂದು ಹಣ್ಣು ‘ದೇದೊ’, ಬೆರಳು. ಚಿಪ್ಪನ್ನು ಬುಡದಲ್ಲಿ ಹಿಡಿದೆತ್ತಿ ನೋಡಿದರೆ ಆ ಹೆಸರು ಎಷ್ಟು ಸರಿಯಾಗಿದೆ ಅಂತ ತಿಳಿಯುತ್ತದೆ. ಮೆಕ್ಸಿಕೋದ ಅಡುಗೆಮನೆಯಲ್ಲಿ ‘ಮೆತಾತೆ’ ಅಂತ ಇಳಿಜಾರಾದ ಅರೆಯುವ ಕಲ್ಲು ಇರುತ್ತದೆ. ಸುಣ್ಣದ ನೀರಿನಲ್ಲಿ ಬೇಯಿಸಿದ ಮೆಕ್ಕೆಜೋಳವನ್ನು ಅದರ ಮೇಲೆ ಹರಡಿ, ಉದ್ದನೆಯ ಇನ್ನೊಂದು ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಹಿಂದಕ್ಕೆ ಒತ್ತಿ ಅರೆಯುತ್ತಾರೆ. ಆ ಮೇಲಿನ ಕಲ್ಲಿನ ಹೆಸರೂ ‘ಮಾನೊ’. ಅಡುಗೆ ಪುಸ್ತಕದಲ್ಲಿ ‘ಮಾನೊವನ್ನು ಚೆನ್ನಾಗಿ ತೊಳೆಯಿರಿ’ ಅಂತ ಬಂದರೆ, ಏನನ್ನು ತೊಳೆಯಬೇಕು ಅಂತ ಹಿಂದಿನ ಸಾಲು ನೋಡಿಯೇ ಹೇಳಬೇಕು.

ಫುಟ್‌ಬಾಲ್‌ನಲ್ಲಿ ‘ಮಾನೊ!’ ಅಂತ ಕೂಗಿದರೆ ಚೆಂಡಿಗೆ ಕೈ ತಗುಲಿತು ಅಂತ. 1986ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಮರಡೋನಾ ಕೈಯಿಂದ ಹೊಡೆದ ಗೋಲು ‘ಲಾ ಮಾನೊ ದೆ ದಿಯೋಸ್’, ದೇವರ ಕೈ, ಅಂತಲೇ ಹೆಸರಾಯಿತು.

ಪುಟ್ಟ ಜೋಡಿಪದ ‘ಆ ಮಾನೊ’ ಇನ್ನೂ ಕಾಡುತ್ತದೆ. ಬುಟ್ಟಿಯ ಮೇಲಿದ್ದರೆ ಕೈಯಲ್ಲಿ ಹೆಣೆದದ್ದು. ಛತ್ರಿಯ ಮಾತಿನಲ್ಲಿ ಬಂದರೆ ಕೈಗೆಟುಕುವ ಹಾಗೆ ಇಟ್ಟುಕೊಂಡದ್ದು. ಲ್ಯಾಟಿನ್ ಅಮೆರಿಕದಲ್ಲಿ ಸಾಲ ತೀರಿಸಿದವನು ‘ಎಸ್ತಾಮೋಸ್ ಆ ಮಾನೊ’ ಅಂದರೆ ಲೆಕ್ಕ ಚುಕ್ತಾ.

ಒಮ್ಮೆ ಒಬ್ಬ ಹುಡುಗ, “ಮೇಡಂ, ಮೆಕ್ಸಿಕೋದ ಗೆಳೆಯ ನನ್ನನ್ನ ಮಾನೊ ಅಂತ ಕರೀತಾನೆ, ಕೈ ಅಂತ ಯಾಕೆ?” ಅಂತ ಕೇಳಿದ. ಅಲ್ಲಿ ಕೈ ಇಲ್ಲವೇ ಇಲ್ಲ. ಸೋದರ ಅನ್ನುವ ‘ಎರ್ಮಾನೊ’ ತುಂಡಾಗಿ ‘ಮಾನೊ’ ಆಗಿದೆ. ಬೆಂಗಳೂರಿನ ಗೆಳೆಯನಾಗಿದ್ದರೆ ‘ಮಗಾ’ ಅನ್ನುತ್ತಿದ್ದ.