ಶಾಕ್‌ಗೂ ಮೊದಲು ಎರಡು ಕೈ

ಸಿನಿಮಾದಲ್ಲಿ ನೋಡಿಯೇ ಇರುತ್ತೀರಿ. ಮಾನಿಟರಿನಲ್ಲಿ ಗೆರೆ ನೆಟ್ಟಗಾಗುತ್ತದೆ, ಡಾಕ್ಟರು ಎದೆಗೆ ಶಾಕ್ ಕೊಡುತ್ತಾರೆ, ರೋಗಿ ಕಣ್ಣು ಬಿಡುತ್ತಾನೆ. ಶುದ್ಧ ಸುಳ್ಳು! ಗೆರೆ ನೆಟ್ಟಗಾದ ಮೇಲೆ ಶಾಕ್‌ನಿಂದ ಪ್ರಯೋಜನವಿಲ್ಲ. ಶಾಕ್ ಕೊಡುವ ಯಂತ್ರ, ಅಂದರೆ ಡಿಫಿಬ್ರಿಲೇಟರ್, ಬೇಕಾಗುವುದು ಹೃದಯ ಲಯ ತಪ್ಪಿ ನಡುಗುವಾಗ. ಆಗ ಅದರ ಒಂದೊಂದು ಎಳೆಯೂ ತನ್ನ ಪಾಡಿಗೆ ತಾನು ಅದುರುತ್ತದೆ, ರಕ್ತ ಮಾತ್ರ ಮುಂದಕ್ಕೆ ಹೋಗುವುದಿಲ್ಲ. ಶಾಕ್ ಆ ಗಲಾಟೆಯನ್ನು ಒಂದೇ ಏಟಿಗೆ ನಿಲ್ಲಿಸುತ್ತದೆ. ಆಮೇಲೆ ಹೃದಯ ತಾನೇ ತನ್ನ ತಾಳ ಹಿಡಿಯಬೇಕು.

ಇದರ ಹಿಂದೆ ಬಿದ್ದವರಲ್ಲಿ ವಿಲಿಯಂ ಕೌವೆನ್‌ಹೋವನ್ ಡಾಕ್ಟರಲ್ಲ, ಎಲೆಕ್ಟ್ರಿಕಲ್ ಇಂಜಿನಿಯರ್. ಅಮೆರಿಕದಲ್ಲಿ ಲೈನ್‌ಮನ್‌ಗಳು ಕರೆಂಟ್ ಹೊಡೆದು ಸಾಯುತ್ತಿದ್ದರು. ಹಾಗಾಗಿ ವಿದ್ಯುತ್ ಕಂಪನಿಗಳೇ ಸಂಶೋಧನೆಗೆ ದುಡ್ಡು ಕೊಟ್ಟವು. 1950ರ ದಶಕದ ಕೊನೆ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ನಾಯಿಗಳ ಮೇಲೆ ಪ್ರಯೋಗ ನಡೆದಿತ್ತು. ಅವರ ಜೊತೆಗಿದ್ದ ಗೈ ನಿಕರ್‌ಬಾಕರ್ ಒಂದು ವಿಚಿತ್ರ ಗಮನಿಸಿದರು. ಶಾಕ್ ಕೊಡುವ ಭಾರದ ಪ್ಯಾಡಲ್‌ಗಳನ್ನು ನಾಯಿಯ ಎದೆಗೆ ಒತ್ತಿದರೆ ಸಾಕು, ಕರೆಂಟ್ ಹರಿಯುವ ಮೊದಲೇ ರಕ್ತದೊತ್ತಡ ಸ್ವಲ್ಪ ಏರುತ್ತಿತ್ತು. ಅಂದರೆ ಸುಮ್ನೆ ಒತ್ತಿದರೂ ರಕ್ತ ಓಡುತ್ತದೆ! ಅಲ್ಲಿಯವರೆಗೆ ನಿಂತ ಹೃದಯವನ್ನು ಹಿಸುಕಬೇಕೆಂದರೆ ಸರ್ಜನ್‌ಗಳು ಎದೆಯನ್ನೇ ಕೊಯ್ಯುತ್ತಿದ್ದರು. ಸರ್ಜನ್ ಜೇಮ್ಸ್ ಜೂಡ್ ಕೂಡ ಸೇರಿ ಮೂವರೂ 1960ರಲ್ಲಿ ಬರೆದ ಲೇಖನದ ಸಾರ ಇಷ್ಟೇ: ಇದಕ್ಕೆ ಬೇಕಾದದ್ದು ಎರಡು ಕೈ.

ಕುಸಿದುಬಿದ್ದವರನ್ನು ಅಲುಗಿಸಿದರೂ ಓಗೊಡದಿದ್ದರೆ ಉಸಿರು ನೋಡಿ. ಆಗೊಮ್ಮೆ ಈಗೊಮ್ಮೆ ಗೊರ್ ಎಂದು ಬಾಯಿ ತೆರೆಯುವುದು ಉಸಿರಾಟವಲ್ಲ. ಜನ ಮೋಸಹೋಗುವುದೇ ಇಲ್ಲಿ. ಫೋನ್ ಸ್ಪೀಕರಿಗೆ ಹಾಕಿ 108ಕ್ಕೆ ಕರೆ ಮಾಡಿ, ಇನ್ನೊಬ್ಬರನ್ನು ಡಿಫಿಬ್ರಿಲೇಟರ್ ತರಲು ಓಡಿಸಿ. ಉಸಿರು ಸರಿಯಾಗಿ ಆಡುತ್ತಿಲ್ಲವಾದರೆ ಅಂಗೈ ಬುಡವನ್ನು ಎದೆಯ ನಡುವೆ ಇಟ್ಟು, ಅದರ ಮೇಲೆ ಇನ್ನೊಂದು ಕೈ ಇಟ್ಟು, ಮೊಣಕೈ ಬಾಗಿಸದೆ ಮೈಭಾರ ಹಾಕಿ. ದೊಡ್ಡವರಿಗೆ 5ರಿಂದ 6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಿ. ಐದು ಸೆಂಟಿಮೀಟರ್ ಅಂದುಕೊಂಡದ್ದಕ್ಕಿಂತ ಜಾಸ್ತಿ. ವಿಡಿಯೊ ನೋಡಿದರೆ ಅದು ಗೊತ್ತಾಗುವುದಿಲ್ಲ, ತರಬೇತಿಯ ಬೊಂಬೆಯ ಮೇಲೆ ಒತ್ತಿಯೇ ನೋಡಬೇಕು. ಪಕ್ಕೆಲುಬು ಮುರಿಯಬಹುದು, ಆದರೂ ನಿಲ್ಲಿಸಬೇಡಿ. ಎರಡು ನಿಮಿಷಕ್ಕೆ ತೋಳು ಸೋಲುತ್ತದೆ, ಒತ್ತಲು ಇನ್ನೊಬ್ಬರಿಗೆ ಬಿಡಿ.

ಡಿಫಿಬ್ರಿಲೇಟರ್ ಪೆಟ್ಟಿಗೆ ಬಂತಾ? ಸ್ವಿಚ್ ಹಾಕಿದರೆ ಅದೇ ಮಾತಾಡುತ್ತದೆ. ಎದೆ ಒದ್ದೆಯಿದ್ದರೆ ಒರೆಸಿ, ಚಿತ್ರದಲ್ಲಿರುವ ಹಾಗೆ ಪ್ಯಾಡ್ ಅಂಟಿಸಿ. ಶಾಕ್ ಬೇಕೋ ಬೇಡವೋ ಅದು ನಿರ್ಧರಿಸುತ್ತದೆ, ಆಗ ಯಾರೂ ಬಿದ್ದವರನ್ನು ಮುಟ್ಟಬಾರದು. ಶಾಕ್ ಆದ ಕೂಡಲೇ ಎದ್ದರಾ ಎಂದು ನೋಡುತ್ತಾ ಕೂರಬೇಡಿ. ನಡುಗುವುದು ನಿಂತರೂ ಹೃದಯಕ್ಕೆ ರಕ್ತ ದೂಡುವ ಕಸುವು ಇನ್ನೂ ಬಂದಿರುವುದಿಲ್ಲ. ಮತ್ತೆ ಒತ್ತಲು ಶುರುಮಾಡಿ, ಎರಡು ನಿಮಿಷಕ್ಕೆ ಪೆಟ್ಟಿಗೆ ಮತ್ತೆ ಹೃದಯದ ಲಯ ನೋಡುತ್ತದೆ.