ಮುಖ ಬೇಡ, ಗಾಡಿ ನಂಬರ್ ಕೊಡಿ

ಹೋದ ತಿಂಗಳು ಒಂದು ರಾತ್ರಿ, ಇನ್ನೇನು ಮಲಗಬೇಕು ಅನ್ನುವಾಗ ಫೋನಿಗೆ ಒಂದು ವಿಡಿಯೋ ಬಂತು. ಕಳಿಸಿದ್ದು ಪರಿಚಯದ ಹುಡುಗ. ಸಾಫ್ಟ್‌ವೇರ್ ಕೆಲಸ, ಒಳ್ಳೇ ಮನಸ್ಸು. ನಲವತ್ತು ಸೆಕೆಂಡಿನ ವಿಡಿಯೋ. ರಸ್ತೆ ಮಧ್ಯೆ ಮ್ಯಾನ್‌ಹೋಲಿನ ಮುಚ್ಚಳ ತೆಗೆದಿದೆ, ಒಬ್ಬರು ಎದೆಮಟ್ಟ ಒಳಗೆ ಇಳಿದಿದ್ದಾರೆ. ಮೈಮೇಲೆ ಬನಿಯನ್ನು, ಕೈಗೆ ಗ್ಲೌಸಿಲ್ಲ, ಮುಖ ಕನ್ನಡಿಯಲ್ಲಿ ಕಂಡಷ್ಟು ಸ್ಪಷ್ಟ. ಹಿನ್ನೆಲೆಗೆ ಪಿಟೀಲು ಬೇರೆ ಹಾಕಿದ್ದ. "ಮೇಡಂ, ಎರಡೇ ಗಂಟೇಲಿ ಹನ್ನೆರಡು ಸಾವಿರ ಜನ ನೋಡಿದ್ದಾರೆ. ಇವರಿಗೆ ನ್ಯಾಯ ಕೊಡಿಸ್ಬೇಕು."

ನಾನು ಕೇಳಿದ್ದು ಮೂರೇ ಪ್ರಶ್ನೆ. ಯಾವ ರಸ್ತೆ, ಎಷ್ಟು ಹೊತ್ತಿಗೆ? ಪಕ್ಕದಲ್ಲಿದ್ದ ಗಾಡಿಯ ನಂಬರ್ ಏನು? ಇಳಿ ಅಂತ ಹೇಳಿದವರು ಯಾರು?

ರಸ್ತೆ ಗೊತ್ತಿತ್ತು. ಮೂರನೆಯದಕ್ಕೆ ಉತ್ತರ ಇಲ್ಲ. ಗಾಡಿ? "ಇತ್ತು ಮೇಡಂ, ಆದ್ರೆ ಅಡ್ಡ ಬರ್ತಿತ್ತು. ಅದಕ್ಕೇ ಅದನ್ನ ಬಿಟ್ಟು ಅಣ್ಣನ ಹತ್ರಕ್ಕೆ ಹೋಗಿ ತೆಗೆದೆ."

ಅಡ್ಡ ಬರುತ್ತಿತ್ತಂತೆ! ನನಗೆ ಬೇಕಾಗಿದ್ದುದು ಅದೊಂದೇ.

ಆ ಹುಡುಗನ ಮೇಲಿನ ಸಿಟ್ಟಿಗೆ ಇದನ್ನು ಬರೆಯುತ್ತಿಲ್ಲ. ಅಂದರೆ, ಸ್ವಲ್ಪ ಸಿಟ್ಟಿಗೇ. ಪೌರಕಾರ್ಮಿಕರು, ಒಳಚರಂಡಿ ಕೆಲಸದವರ ಕೇಸುಗಳನ್ನು ಹಿಡಿದು ಕೋರ್ಟು ಕಚೇರಿ ಅಲೆಯುವ ವಕೀಲೆ ನಾನು. ಇಂಥ ವಿಡಿಯೋ ವರ್ಷಕ್ಕೆ ಹತ್ತಾರು ಬರುತ್ತವೆ. ಕಳಿಸುವವರೆಲ್ಲ ಒಳ್ಳೆಯವರೇ. ಕೆಟ್ಟವರು ನೋಡಿಯೂ ನೋಡದ ಹಾಗೆ ಗಾಡಿ ತಿರುಗಿಸಿಕೊಂಡು ಹೋಗಿಬಿಡುತ್ತಾರೆ, ಅಲ್ವಾ? ಈ ಕೆಲಸಕ್ಕೆ ಯಾವ ಜಾತಿಯವರನ್ನೇ ಇಳಿಸುತ್ತಾರೆ, ಯಾಕೆ ಅಂತ ನಾನಿಲ್ಲಿ ವಿವರಿಸುವುದಿಲ್ಲ. ಅದು ಗೊತ್ತಿಲ್ಲದವರು ನಮ್ಮಲ್ಲಿ ಯಾರೂ ಇಲ್ಲ. ಗೊತ್ತಿಲ್ಲ ಅನ್ನುವವರು ಇದ್ದಾರೆ, ಅಷ್ಟೆ.

ನಾನು ಹೇಳಬೇಕಾದ್ದು ಒಂದೇ ಮಾತು. ನಿಮ್ಮ ವಿಡಿಯೋ ನ್ಯಾಯಾಧೀಶರಿಗಿಂತ ಮೊದಲು ತಲುಪುವುದು ಕಂಟ್ರಾಕ್ಟರಿಗೆ. ಹನ್ನೆರಡು ಸಾವಿರ ಜನರಲ್ಲಿ ಆ ಮುಖದ ಹೆಸರು ಗೊತ್ತಿರುವವನು ಅವನೊಬ್ಬನೇ. ಮಾರನೇ ದಿನ ಬೆಳಿಗ್ಗೆ "ನಿನ್ನಿಂದ ನಮ್ಮ ಮಾನ ಹೋಯ್ತು, ನಾಳೆಯಿಂದ ಬರಬೇಡ" ಅನ್ನುತ್ತಾನೆ. ಬರಹದಲ್ಲಿ ಏನೂ ಕೊಡುವುದಿಲ್ಲ, ಯಾಕೆಂದರೆ ಬರಹದಲ್ಲಿ ಕೆಲಸಕ್ಕೇ ತೆಗೆದುಕೊಂಡಿರುವುದಿಲ್ಲ. ಇಳಿದವನ ಹೊಟ್ಟೆಗೆ ಹೊಡೆತ ಬಿತ್ತು, ಇಳಿಸಿದವನು ಇನ್ನೊಬ್ಬನನ್ನು ಇಳಿಸಿದ. ನಿಮ್ಮ ವಿಡಿಯೋಗೆ ಅಳುವ ಗುರುತುಗಳು ಬಿದ್ದವು.

ಇದನ್ನು ಇನ್ನೂ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹೇಳಿದ ಮೇಲೂ ಮತ್ತೆ ಮುಖದ ವಿಡಿಯೋವೇ ಬರುತ್ತದೆ. 2013ರ ಮ್ಯಾನ್ಯುಯಲ್ ಸ್ಕ್ಯಾವೆಂಜರ್‌ಗಳ (ಕೈಯಿಂದ ಮಲ ಬಾಚುವವರ) ನೇಮಕ ನಿಷೇಧ ಮತ್ತು ಪುನರ್ವಸತಿ ಕಾಯ್ದೆ ಗುಂಡಿಗೆ ಇಳಿದವನ ಮೇಲಿನ ಕಾಯ್ದೆ ಅಲ್ಲ. ಇಳಿಸಿದವನ ಮೇಲಿನದು. ಏಳನೇ ಸೆಕ್ಷನ್ ಹೇಳುವುದು, ಒಳಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕಿನ ಅಪಾಯದ ಕೆಲಸಕ್ಕೆ ಯಾವ ವ್ಯಕ್ತಿಯೂ, ಸ್ಥಳೀಯ ಸಂಸ್ಥೆಯೂ, ಏಜೆನ್ಸಿಯೂ ಯಾರನ್ನೂ ನೇರವಾಗಿ ಆಗಲಿ ಪರೋಕ್ಷವಾಗಿ ಆಗಲಿ ತೊಡಗಿಸಬಾರದು ಅಂತ. ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು, ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಂದರೆ ಕೇಸಿನ ಕಥಾನಾಯಕ ಗುಂಡಿಯ ಒಳಗಿಲ್ಲ, ಮೇಲೆ ನಿಂತಿದ್ದಾನೆ. ಬಹಳ ಸಲ ಬೈಕಿನ ಮೇಲೆ ಕೂತು ಫೋನಲ್ಲಿ ಮಾತಾಡುತ್ತಿರುತ್ತಾನೆ. ಕ್ಯಾಮೆರಾ ಅವನ ಕಡೆ ತಿರುಗುವುದೇ ಇಲ್ಲ, ಪಾಪ.

ಒಂದು ಹಳೇ ಕೇಸು ಹೇಳುತ್ತೇನೆ, ಗುರುತು ಸಿಗದ ಹಾಗೆ. ಒಬ್ಬ ಸಜ್ಜನರು ವಿಡಿಯೋ ಮಾಡುತ್ತಾ ಕಳಕಳಿಯಿಂದ ಕೇಳಿದ್ದಾರೆ, "ಯಾಕಣ್ಣ ಇಂಥ ಕೆಲಸ ಮಾಡ್ತೀರ?" ಒಳಗಿದ್ದವರು ತಲೆ ಎತ್ತಿ, "ಏನ್ಮಾಡೋದು ಸಾ, ಹೊಟ್ಟೆಪಾಡು, ನಾವೇ ಮಾಡ್ಕೊಂತೀವಿ" ಅಂದಿದ್ದಾರೆ. ಆ ಮಾತಿನ ಮೇಲೇ ವಿಡಿಯೋ ಓಡಿತು, ಎಷ್ಟೋ ಜನ ಅತ್ತರು. ವಿಚಾರಣೆಗೆ ಬಂದಾಗ ಎದುರು ಪಕ್ಷದವರು ಅದೇ ವಿಡಿಯೋ ಹಾಕಿ ತೋರಿಸಿದರು. "ನೋಡಿ ಸ್ವಾಮಿ, ಅವರೇ ಹೇಳ್ತಿದ್ದಾರೆ, ನಾವೇ ಮಾಡ್ಕೊಂತೀವಿ ಅಂತ. ನಮ್ಮ ಕಕ್ಷಿದಾರರು ಯಾರನ್ನೂ ಕರೆದಿಲ್ಲ." ಒಪ್ಪಿ ಇಳಿದ ಅನ್ನುವುದು ಈ ಕಾಯ್ದೆಯಲ್ಲಿ ತಪ್ಪಿಸಿಕೊಳ್ಳುವ ದಾರಿಯಲ್ಲ ಅಂತ ನಾನು ವಾದಿಸಿದೆ, ಈಗಲೂ ವಾದಿಸುತ್ತೇನೆ. ಆದರೆ ಕರೆದವರು ಯಾರು ಅನ್ನುವುದಕ್ಕೆ ನನ್ನ ಕೈಯಲ್ಲಿ ಏನಿತ್ತು? ಒಂದು ಮುಖ, ಒಂದು ಪಿಟೀಲು.

ಹಾಗಾದರೆ ಏನು ತೆಗೀಬೇಕು ಅಂತ ಕೇಳುತ್ತೀರಿ. ಗಾಡಿ. ಕೊಳಚೆ ಹೀರುವ ಸಕ್ಕಿಂಗ್ ಗಾಡಿಯೋ, ನೀರು ಚಿಮ್ಮಿಸಿ ಕಟ್ಟಿದ್ದನ್ನು ಬಿಡಿಸುವ ಜೆಟ್ಟಿಂಗ್ ಗಾಡಿಯೋ, ಬರೀ ಟಾಟಾ ಏಸೋ, ಅದರ ನಂಬರ್ ಪ್ಲೇಟು. ಗಾಡಿ ಮೇಲೆ ಬರೆದ ಹೆಸರು, ಫೋನ್ ನಂಬರು. ಮೇಲೆ ನಿಂತು ಹೇಳುತ್ತಿರುವವನ ಧ್ವನಿ. ಅಕ್ಕಪಕ್ಕದ ಅಂಗಡಿ ಬೋರ್ಡು, ಲೈಟ್ ಕಂಬದ ಮೇಲಿನ ನಂಬರು, ಜಾಗ ಗುರುತಿಸಲು ಏನು ಸಿಕ್ಕರೆ ಅದು. ಒಳಗಿರುವವರನ್ನು ಹಿಂದಿನಿಂದ ತೆಗೆದರೆ ಸಾಕು, ಗ್ಲೌಸು ಮಾಸ್ಕು ಇಲ್ಲ ಅನ್ನುವುದು ಕಂಡರೆ ಸಾಕು. ಮೂಲ ಫೈಲನ್ನು ಹಾಗೇ ಇಟ್ಟುಕೊಳ್ಳಿ. ಸಂಗೀತ ಸೇರಿಸಿದ್ದು, ಕತ್ತರಿಸಿದ್ದು, ವಾಟ್ಸಾಪಲ್ಲಿ ಹತ್ತು ಕೈ ದಾಟಿದ್ದು ನನಗೆ ತಲೆನೋವು. ಅವರು ಹೊರಗೆ ಬಂದು ಕೈ ತೊಳೆದುಕೊಂಡ ಮೇಲೆ ಹತ್ತಿರ ಹೋಗಿ, ಕಂಟ್ರಾಕ್ಟರ್ ಇಲ್ಲದಾಗ, ನಿಮ್ಮ ನಂಬರ್ ಕೊಟ್ಟು ಬನ್ನಿ. ಅವರ ನಂಬರ್ ಕೇಳಬೇಡಿ. ಕೊಡಬೇಕೋ ಬೇಡವೋ ಅವರು ಯೋಚಿಸಲಿ.

ಇನ್ನೊಂದು ಮಾತು, ಇದು ಜೀವದ ಪ್ರಶ್ನೆ. ಒಳಗಿರುವವರು ಕುಸಿದರೆ ನೀವು ಇಳಿಯಬೇಡಿ, ಜೊತೆಯವರನ್ನೂ ಇಳಿಯಲು ಬಿಡಬೇಡಿ. ಹೈಡ್ರೋಜನ್ ಸಲ್ಫೈಡ್ ಜಾಸ್ತಿ ಇದ್ದರೆ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ. ಎಷ್ಟೋ ಕಡೆ ಒಬ್ಬನನ್ನು ಎತ್ತಲು ಹೋಗಿ ಎರಡನೆಯವನು, ಮೂರನೆಯವನು ಸತ್ತಿದ್ದಾರೆ. ವಿಡಿಯೋ ನಿಲ್ಲಿಸಿ 112ಕ್ಕೆ ಫೋನ್ ಮಾಡಿ.

ಮತ್ತೆ, ಮೂರು ತಿಂಗಳು. ಇದನ್ನು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ. ಈ ಕಾಯ್ದೆಯ ಹತ್ತನೇ ಸೆಕ್ಷನ್ ಪ್ರಕಾರ ಘಟನೆ ನಡೆದ ಮೂರು ತಿಂಗಳ ಒಳಗೆ ದೂರು ಕೊಡಬೇಕು, ಇಲ್ಲದಿದ್ದರೆ ಕೋರ್ಟು ವಿಚಾರಣೆಗೆ ತೆಗೆದುಕೊಳ್ಳುವುದಿಲ್ಲ. ದೌರ್ಜನ್ಯ ತಡೆ ಕಾಯ್ದೆಯ ದಾರಿ ಬೇರೆ. 2016ರಿಂದ ಪರಿಶಿಷ್ಟ ಜಾತಿ, ಪಂಗಡದವರನ್ನು ಈ ಕೆಲಸಕ್ಕೆ ಹಚ್ಚುವುದು ಅದರಲ್ಲೂ ಅಪರಾಧ. ಯಾವ ದಾರಿ ಹಿಡಿಯಬೇಕು ಅನ್ನುವುದು ಕೇಸಿನಿಂದ ಕೇಸಿಗೆ ಬೇರೆಯಾಗುತ್ತದೆ, ಈ ಅಂಕಣ ಓದಿ ನೀವೇ ತೀರ್ಮಾನ ಮಾಡಬೇಡಿ, ಯಾರಾದರೂ ವಕೀಲರನ್ನು ಕೇಳಿ. ಆದರೆ ನನ್ನ ಹತ್ತಿರ ಜನ ಬರುವುದು ಯಾವಾಗ? ವಿಡಿಯೋ ಓಡಿ, ಚರ್ಚೆ ಆಗಿ, ಒಂದು ಸಹಿ ಸಂಗ್ರಹ ಆಗಿ, ಎಲ್ಲಾ ತಣ್ಣಗಾದ ನಾಲ್ಕನೇ ತಿಂಗಳಲ್ಲಿ.

ಅಪಾರ್ಟ್‌ಮೆಂಟಿನವರಿಗೂ ಒಂದು ಮಾತು. ಬೀದಿಯ ಮ್ಯಾನ್‌ಹೋಲ್ ನೋಡಿ ಪಾಲಿಕೆಗೆ ಬೈದು ಬರೆದ ಒಬ್ಬ ಅಸೋಸಿಯೇಷನ್ ಕಾರ್ಯದರ್ಶಿಯನ್ನು ಕೇಳಿದೆ, ನಿಮ್ಮ ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಟ್ಯಾಂಕು ಯಾರು ತೊಳೆಯುತ್ತಾರೆ ಅಂತ. "ಅದು ಏಜೆನ್ಸಿ ನೋಡ್ಕೊಳ್ಳತ್ತೆ" ಅಂದರು. ಪರೋಕ್ಷವಾಗಿ ಅನ್ನುವ ಪದ ಕಾಯ್ದೆಯಲ್ಲಿ ಸುಮ್ನೆ ಕೂತಿಲ್ಲ ಸ್ವಾಮಿ.

ಹಾಗಂತ ಬರೀ ದೂರು, ಅರ್ಜಿ, ಅಫಿಡವಿಟ್ಟಿನಿಂದಲೇ ಎಲ್ಲಾ ಆಗುತ್ತದೆ ಅನ್ನುವ ವಕೀಲರ ಗರ್ವ ನನಗಿಲ್ಲ. ಹಾಡು, ನಾಟಕ, ಪೋಸ್ಟರು ಬೇಕು. ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನ ಮಕ್ಕಳು ಪೌರಕಾರ್ಮಿಕರ ಬಗ್ಗೆ ಬೀದಿನಾಟಕ ಮಾಡುತ್ತೇವೆ ಅಂತ ಬಂದರು. ಸ್ಕ್ರಿಪ್ಟ್ ತೋರಿಸಿದರು. ಹಸಿದ ಮಗು, ಕುಡುಕ ಗಂಡ, ಅಳುವ ತಾಯಿ, ಕೊನೆಗೆ ಕೈ ಮುಗಿದು ಪ್ರೇಕ್ಷಕರನ್ನು ಬೇಡುವುದು. ನಾನು ಏನೂ ಹೇಳದೆ ಅವರನ್ನು ಪೌರಕಾರ್ಮಿಕರ ಸಂಘದ ಹೆಂಗಸರ ಹತ್ತಿರ ಕರೆದುಕೊಂಡು ಹೋದೆ. ಅಲ್ಲಿ ಒಬ್ಬ ಅಕ್ಕ ಇದ್ದಾರೆ, ಮನೇಲಿ ತೆಲುಗು, ಬೀದೀಲಿ ಕನ್ನಡ, ಸಿಟ್ಟು ಬಂದರೆ ಎರಡೂ ಸೇರಿ. ಅವರು ಮೊದಲು ನೋಡಿದ್ದು ಮಕ್ಕಳ ಕೈಯಲ್ಲಿದ್ದ ಪೊರಕೆಯನ್ನು. ಮೆತ್ತನೆ ಹುಲ್ಲಿನದು. ಅದನ್ನು ತೆಗೆದುಕೊಂಡು ತಿರುಗಿಸಿ ನೋಡಿ, "ಇದ್ರಲ್ಲಿ ನಿಮ್ಮ ಮನೆ ದೇವರ ಕೋಣೆ ಗುಡಿಸ್ಬೋದು ಕಣಮ್ಮ" ಅಂದರು. ಒಳಗಿಂದ ತಮ್ಮದನ್ನು ತಂದು ತೋರಿಸಿದರು. ತೆಂಗಿನ ಕಡ್ಡಿ, ಆಳೆತ್ತರದ ಕೋಲು, ಕಟ್ಟಿದ ಜಾಗದಲ್ಲಿ ಸೈಕಲ್ ಟ್ಯೂಬಿನ ಪಟ್ಟಿ. ಹಿಡಿಯುವ ಕಡೆ ಕೋಲು ನುಣ್ಣಗೆ ಸವೆದಿತ್ತು.

ಆಮೇಲೆ ಸ್ಕ್ರಿಪ್ಟಿಗೆ ಕೈ ಹಾಕಿದರು. "ಅಳೋದು ಯಾಕೆ? ನಾವೇನ್ ದಿನಾ ಅಳ್ತೀವಾ? ನನ್ನ ಗಂಡ ಕುಡಿಯಲ್ಲ. ನಾವು ಬೆಳಿಗ್ಗೆ ಹಾಜರಿ ಹಾಕಿದ್ ಮೇಲೆ ಮಧ್ಯಾಹ್ನದವರೆಗೆ ಉಚ್ಚೆಗೆ ಹೋಗೋಕೆ ಜಾಗ ಇಲ್ಲ. ನೀರೇ ಕುಡಿಯಲ್ಲ ಅದಕ್ಕೆ. ಅದನ್ನ ಮಾಡಿ." ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಟಕ ಪೂರ್ತಿ ಬದಲಾಯಿತು. ಒಬ್ಬ ಹೆಂಗಸು ತಾನು ಕಸ ಎತ್ತುವ ಬೀದಿಯ ಒಂದೊಂದೇ ಮನೆ ಬಾಗಿಲು ತಟ್ಟಿ ಶೌಚಾಲಯ ಕೇಳುತ್ತಾಳೆ, ಒಬ್ಬೊಬ್ಬರು ಒಂದೊಂದು ನೆಪ ಹೇಳುತ್ತಾರೆ. ನೆಪಗಳನ್ನೆಲ್ಲ ಹೇಳಿಕೊಟ್ಟವರು ಸಂಘದ ಹೆಂಗಸರೇ, ಧ್ವನಿ ಸಮೇತ. ವಾರ್ಡ್ ಕಚೇರಿ ಮುಂದೆ ಆಡಿದಾಗ ಜನ ಮೊದಲು ಬಿದ್ದು ಬಿದ್ದು ನಕ್ಕರು, ನಾಲ್ಕನೇ ಮನೆಯ ಹೊತ್ತಿಗೆ ನಗು ನಿಂತಿತು. ಮುಂದಿನ ವಾರ ಕಚೇರಿಯ ಶೌಚಾಲಯದ ಬೀಗದ ಕೈ ಒಂದು ಮೇಸ್ತ್ರಿ ಹತ್ತಿರ ಬಂತು. ದೊಡ್ಡ ಕ್ರಾಂತಿ ಏನಲ್ಲ. ಆದರೆ ಮೊದಲಿನ ಸ್ಕ್ರಿಪ್ಟಿಗೆ ಯಾವ ಬೀಗದ ಕೈಯೂ ಬರುತ್ತಿರಲಿಲ್ಲ, ಒಂದಷ್ಟು ಚಿಲ್ಲರೆ ಬೀಳುತ್ತಿತ್ತೇನೋ.

ಕೆಜಿಎಫ್‌ನ ಬೆಜವಾಡ ವಿಲ್ಸನ್ ಅವರನ್ನು ನೆನೆಯದೆ ಈ ವಿಷಯ ಮಾತಾಡಲು ಆಗುವುದಿಲ್ಲ. ಚಿನ್ನದ ಗಣಿಯ ಕಾಲೋನಿಗಳಲ್ಲಿ ಮಲ ಬಾಚುತ್ತಿದ್ದ ಕುಟುಂಬದಲ್ಲಿ ಹುಟ್ಟಿದವರು. ಅವರ ಹೋರಾಟಕ್ಕೂ ಮುಂಚೆ 1970ರ ದಶಕದಲ್ಲೇ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು ರಾಜ್ಯದಲ್ಲಿ ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದ್ದರು, 1993ರಲ್ಲಿ ಕೇಂದ್ರದ ಕಾಯ್ದೆಯೂ ಬಂತು. ಆದರೂ ಒಣ ಪಾಯಿಖಾನೆಗಳು, ಅಂದರೆ ನೀರಿಲ್ಲದ, ಕೈಯಿಂದ ಬಾಚಬೇಕಾದವು, ಉಳಿದಿದ್ದವು. ವಿಲ್ಸನ್ ಮತ್ತವರ ಸಫಾಯಿ ಕರ್ಮಚಾರಿ ಆಂದೋಲನದವರು 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ನಮ್ಮಲ್ಲಿ ಇಲ್ಲವೇ ಇಲ್ಲ ಅಂತ ರಾಜ್ಯಗಳು ಹೇಳಿದಾಗ ಆಂದೋಲನದವರನ್ನು ಕಾಪಾಡಿದ್ದು ಕಣ್ಣೀರಲ್ಲ, ಊರೂರು ಸುತ್ತಿ ಕಲೆಹಾಕಿದ ವಿವರ. 2014ರ ಮಾರ್ಚ್‌ನಲ್ಲಿ ತೀರ್ಪು ಬಂತು: 1993ರಿಂದ ಈಚೆಗೆ ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ತಲಾ 10 ಲಕ್ಷ ರೂಪಾಯಿ ಪರಿಹಾರ. 2023ರಲ್ಲಿ ಕೋರ್ಟು ಅದನ್ನು 30 ಲಕ್ಷಕ್ಕೆ ಏರಿಸಿತು. ಆ 30 ಲಕ್ಷ ಕೇಳಲೂ ಮತ್ತೆ ಬೇಕಾಗುವುದು ಜಾಗ, ಸಮಯ, ಕರೆದವನ ಹೆಸರು. ನನ್ನ ಹಳೇ ರಾಗವೇ.

ನನ್ನ ಜೂನಿಯರ್ ಒಬ್ಬಳು ಕೇಳಿದಳು, "ಮೇಡಂ, ಹಾಗಾದ್ರೆ ಸವಣೂರು?" ಸರಿಯಾದ ಪ್ರಶ್ನೆ. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಮಲ ಹೊರುವ ಕೆಲಸಕ್ಕೆ ಹಚ್ಚಿದ್ದ ಭಂಗಿ ಸಮುದಾಯದವರು, ಇದ್ದ ಜಾಗದಿಂದ ತಮ್ಮನ್ನು ಎಬ್ಬಿಸುವುದನ್ನು ವಿರೋಧಿಸಿ, ಪುರಸಭೆ ಮುಂದೆ ಮೈಮೇಲೆ ಮಲ ಸುರಿದುಕೊಂಡರು. ಆ ಚಿತ್ರಗಳಲ್ಲಿ ಮುಖ ಇತ್ತು, ನಾಡೆಲ್ಲ ನೋಡಿತು. ಆದರೆ ಜಾಗ, ಹೊತ್ತು, ಯಾರ ಬಾಗಿಲ ಮುಂದೆ ಅನ್ನುವುದು, ಎಲ್ಲವನ್ನೂ ತೀರ್ಮಾನಿಸಿದ್ದು ಅವರೇ. ಕ್ಯಾಮೆರಾ ಅವರ ಹತ್ತಿರ ಬಂತು, ಅವರ ಮೇಲೆ ಬೀಳಲಿಲ್ಲ. ನಾನು ಮುಖ ಬೇಡ ಅನ್ನುವುದು ನಾಚಿಕೆಗೆ ಅಲ್ಲ ಮಾರಾಯ್ತಿ, ಕೇಳದೆ ತೆಗೆಯಬೇಡಿ ಅಂತ.

ಇದಕ್ಕೆ ಸೇರಿಸಿ ಆ ಪೊರಕೆ ಅಕ್ಕನದೇ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. 2022ರ ಜುಲೈನಲ್ಲಿ ಪೌರಕಾರ್ಮಿಕರು ಕೆಲಸ ಕಾಯಂ ಮಾಡಿ ಅಂತ ಮುಷ್ಕರ ಹೂಡಿದಾಗ ಫ್ರೀಡಂ ಪಾರ್ಕಿನಲ್ಲಿ ಅವರೂ ಕೂತಿದ್ದರು. ಕೆಲವರು ನೀರು, ಬಿಸ್ಕತ್ತು ತಂದು ಕೊಟ್ಟು ಸುಮ್ಮನೆ ಪಕ್ಕದಲ್ಲಿ ಕೂತರು. ಅವರ ಬಗ್ಗೆ ನನಗೆ ತುಂಬಾ ಗೌರವ. ಕೆಲವರು ಬಂದು ಮೈಕು ಹಿಡಿದು ನಲವತ್ತು ನಿಮಿಷ ಬಿಡಲಿಲ್ಲ. ಆ ವರ್ಷವೇ ರಾಜ್ಯ ಸಂಪುಟ 11,133 ಪೌರಕಾರ್ಮಿಕರನ್ನು ಕಾಯಂ ಮಾಡಲು ಒಪ್ಪಿತು. ಅಲ್ಲಿಂದ ಆದೇಶ ಕೈಗೆ ಸಿಗುವ ತನಕದ ಕಥೆ ದೊಡ್ಡದು, ಇನ್ನೊಮ್ಮೆ ಬರೆಯುತ್ತೇನೆ. ಕಡೆಗೆ ಒಂದು ದಿನ ಅಕ್ಕ ನನ್ನ ಆಫೀಸಿಗೆ ಬಂದರು. ಅರಿಶಿನ ಬಣ್ಣದ ಹೊಸ ಸೀರೆ, ತಲೆಗೆ ಎಣ್ಣೆ ಹಾಕಿ ಬಾಚಿ ಕನಕಾಂಬರ ಮುಡಿದಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಆದೇಶದ ಪ್ರತಿ.

"ಮೇಡಂ, ನೀವು ಯಾವಾಗ್ಲೂ ಮುಖ ತೆಗೀಬೇಡಿ ತೆಗೀಬೇಡಿ ಅಂತೀರಲ್ಲ, ಇವತ್ತು ತೆಗೀರಿ."

ನನ್ನ ಫೋನಲ್ಲಿ ತೆಗೆದೆ. ನೋಡಿದರು. ಸಮಾಧಾನ ಆಗಲಿಲ್ಲ. ಕವರಿನ ಮೇಲೆ ಟ್ಯೂಬ್‌ಲೈಟ್ ಹೊಳೆದು ಹೆಸರು ಕಾಣುತ್ತಿರಲಿಲ್ಲ. ಕಾಗದವನ್ನು ಕವರಿಂದ ಹುಷಾರಾಗಿ ಹೊರಗೆ ತೆಗೆದು, ಎದೆ ಮುಂದೆ ಎರಡೂ ಕೈಯಲ್ಲಿ ಹಿಡಿದು, "ಹಾ, ಈಗ. ನಂಬರೂ ಬರ್ಲಿ" ಅಂದರು.